ಮೊದಲ ಪಾಲಿಶಿಂಗ್ ಮಷಿನ್ ಯಾವುದು ಕೊಳ್ಳಲಿ?

ಪ್ರಶ್ನೆ: ಸರ್, ನಮ್ಮದು ಗದಗ-ಬೆಟಗೇರಿ. ನಾನು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತೇನೆ. ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ 2016ರ ಕಪ್ಪು ಬಣ್ಣದ ಸಣ್ಣ ಕಾರು ತೆಗೆದುಕೊಂಡೆವು. ನೆರಳಿನಲ್ಲಿ ಚೆನ್ನಾಗೇ ಕಾಣುತ್ತದೆ. ಬಿಸಿಲಿಗೆ ತಂದರೆ ಬಾನೆಟ್ ತುಂಬ ಜೇಡರ ಬಲೆಯಂಥ ಗೀರುಗಳು. ಅಪ್ಪ ದಿನಾ ಮುಂಜಾನೆ ಹಳೇ ಧೋತರದ ಅರಿವೆಯಿಂದ ತಪ್ಪದೆ ಒರೆಸುತ್ತಾರೆ, ಆದರೂ ಹೀಗಾಗಿದೆ. ಎಡಗಡೆ ಹಿಂದಿನ ಬಾಗಿಲಿಗೆ ಹಳೆಯ ಮಾಲೀಕರು ಪೇಂಟ್ ಮಾಡಿಸಿದ್ದರಂತೆ. ಗ್ಯಾರೇಜಿನ ಗೆಳೆಯನೊಬ್ಬ ತನ್ನ ಗ್ರೈಂಡರಿಗೆ ಸ್ಪಂಜಿನ ಪ್ಯಾಡ್ ಸಿಕ್ಕಿಸಿ 1,800 ರೂಪಾಯಿಗೆ ಕೊಡುತ್ತೇನೆ ಅನ್ನುತ್ತಾನೆ. ಆನ್‌ಲೈನ್‌ನಲ್ಲಿ ನೋಡಿದರೆ ರೋಟರಿ, ಡಿಎ, 15 ಎಂಎಂ, 21 ಎಂಎಂ ಅಂತ ತಲೆ ಗಿರ್ ಅನ್ನುತ್ತದೆ. ನನ್ನ ಕೈಯಲ್ಲಿ 15,000 ರೂಪಾಯಿ ಇದೆ. ಮಷಿನ್ ಹೊಡೆದರೆ ಇದ್ದ ಪೇಂಟೂ ಹೋಗುತ್ತದೆ ಅಂತ ಅವ್ವನ ಹೆದರಿಕೆ. ಏನು ಕೊಳ್ಳಲಿ? ಮುಂದೆ ರವಿವಾರಕ್ಕೊಂದು ಗಾಡಿ ಮಾಡಿ ನಾಲ್ಕು ಕಾಸು ದುಡಿಯಬಹುದೇ?

ಉತ್ತರ: ನಿಮ್ಮ ಅವ್ವನ ಮಾತಿನಿಂದಲೇ ಶುರು ಮಾಡುತ್ತೇನೆ. ಹುಬ್ಬಳ್ಳಿಯಲ್ಲಿ ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ಹೇಳುತ್ತೇನೆ, ಅವರು ಹೆದರಿದ್ದರಲ್ಲಿ ತಪ್ಪಿಲ್ಲ. ಪಾಲಿಶ್ ಅಂದರೆ ಪೇಂಟಿನ ಮೇಲೆ ಏನೋ ಬಳಿಯುವುದಲ್ಲ, ಪೇಂಟಿನ ಮೇಲ್ಪದರವನ್ನು ಸ್ವಲ್ಪ ಸವೆಸುವುದು. ಗೀರು ಒಂದು ತಗ್ಗು. ಆ ತಗ್ಗನ್ನು ತುಂಬಲು ಬರುವುದಿಲ್ಲ, ಸುತ್ತಲಿನ ದಿಬ್ಬವನ್ನು ತಗ್ಗಿನ ಮಟ್ಟಕ್ಕೆ ಇಳಿಸಬೇಕು. ಹಾಗಾಗಿ ಯಾವ ಮಷಿನ್ ಅನ್ನುವ ಮೊದಲು ಸವೆಸಲು ನಮ್ಮ ಹತ್ತಿರ ಎಷ್ಟು ಇದೆ ಅಂತ ನೋಡೋಣ.

ನೀವು ಪ್ರೆಸ್ಸಿನವರು, ನಿಮಗೆ ಇದು ಬೇಗ ತಿಳಿಯುತ್ತದೆ. ಪುಸ್ತಕದ ಹೊದಿಕೆಗೆ ಬಣ್ಣ ಅಚ್ಚಾದ ಮೇಲೆ ಲ್ಯಾಮಿನೇಶನ್ ಹಾಕುತ್ತೀರಲ್ಲ, ಕಾರಿನಲ್ಲೂ ಅದೇ ಲೆಕ್ಕ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಕಂಪನಿಯಿಂದ ಬಂದ ಗಾಡಿಯಲ್ಲಿ ಈ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್, ಹೆಚ್ಚುಕಡಿಮೆ ನಿಮ್ಮ 80 ಜಿಎಸ್‌ಎಂ ಹಾಳೆಯ ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ ಪಾಲು 35ರಿಂದ 50 ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ, ಅದಕ್ಕಿಂತ ತೆಳು. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಇಷ್ಟೇ. ಸವೆದು ಹೋದರೆ ಗಾಡಿಯ ಮೇಲೆ ಬಿಳಿ ತೊನ್ನಿನಂತೆ ಚಕ್ಕೆ ಏಳುತ್ತದೆ. ಅದಕ್ಕೆ ಮತ್ತೆ ಪೇಂಟ್ ಹೊಡೆಸುವುದೊಂದೇ ದಾರಿ.

ಹಾಗಂತ ಮಷಿನ್ ಮುಟ್ಟಿದ ಕೂಡಲೇ ಪೇಂಟ್ ಹೋಗುತ್ತದೆ ಅನ್ನುವುದೂ ಸುಳ್ಳು. ಸರಿಯಾದ ಮಷಿನ್, ಸರಿಯಾದ ಪ್ಯಾಡ್ ಇದ್ದರೆ ಒಂದು ಹದವಾದ ಪಾಲಿಶಿನಲ್ಲಿ ಹೋಗುವುದು ಒಂದೆರಡು ಮೈಕ್ರಾನ್. ಇದು ಬ್ಯಾಂಕಿನಲ್ಲಿರುವ ಗಂಟು ಅಂದುಕೊಳ್ಳಿ, ಬಡ್ಡಿ ಇಲ್ಲ, ತೆಗೆದದ್ದು ತಿರುಗಿ ಬರುವುದಿಲ್ಲ. ಗಾಡಿಯ ಜೀವಮಾನದಲ್ಲಿ ಕೆಲವೇ ಸಲ ತೆಗೆಯಬಹುದು. ನಿಮ್ಮದು ಸೆಕೆಂಡ್ ಹ್ಯಾಂಡ್ ಗಾಡಿ. ಹಿಂದಿನವರು ಎಷ್ಟು ಸಲ ‘ರಬ್ಬಿಂಗ್ ಹೊಡೆಸಿ’ ಎಷ್ಟು ತೆಗೆದಿದ್ದಾರೋ ಗೊತ್ತಿಲ್ಲ. ಆದ್ದರಿಂದ ಶೇಕಡಾ ನೂರು ಗೀರು ತೆಗೆಯುವ ಆಸೆ ಬಿಡಿ. ಎಪ್ಪತ್ತು ಹೋದರೆ ಬಿಸಿಲಿನಲ್ಲಿ ಗಾಡಿ ಹೊಸದರಂತೆಯೇ ಕಾಣುತ್ತದೆ. ಉಳಿದ ಮೂವತ್ತನ್ನು ಬೆನ್ನು ಹತ್ತಿದವರೇ ಪೇಂಟ್ ಸುಟ್ಟುಕೊಳ್ಳುವುದು.

ಈಗ ಆ ಜೇಡರ ಬಲೆ. ಯಾರೋ ಸುತ್ತು ಸುತ್ತಾಗಿ ಒರೆಸಿದ್ದಕ್ಕೆ ಸುತ್ತು ಗೀರು ಬಿದ್ದಿವೆ ಅಂತ ಬಹಳ ಜನ ನಂಬಿದ್ದಾರೆ. ಇವತ್ತು ರಾತ್ರಿ ಮೊಬೈಲ್ ಟಾರ್ಚ್ ಹಚ್ಚಿ ಬಾನೆಟ್ ಮೇಲೆ ಹಿಡಿಯಿರಿ. ಬೆಳಕಿನ ಸುತ್ತ ಬಲೆ ಕಾಣುತ್ತದೆ. ಟಾರ್ಚನ್ನು ಒಂದು ಗೇಣು ಸರಿಸಿ, ಬಲೆಯೂ ಅದರ ಹಿಂದೆಯೇ ಸರಿಯುತ್ತದೆ. ಗೀರುಗಳು ಎಲ್ಲ ದಿಕ್ಕಿಗೂ ಇವೆ. ಅವುಗಳಲ್ಲಿ ಬೆಳಕಿಗೆ ಅಡ್ಡ ಬಿದ್ದವು ಮಾತ್ರ ಹೊಳೆದು, ಒಟ್ಟಾಗಿ ಸುತ್ತಿನ ಆಕಾರ ತೋರುತ್ತವೆ. ಬಿಳಿ ಗಾಡಿಯಲ್ಲೂ ಇಷ್ಟೇ ಇರುತ್ತವೆ, ಕಪ್ಪಿನಲ್ಲಿ ಎದ್ದು ಕಾಣುತ್ತವೆ, ಅಷ್ಟೇ ವ್ಯತ್ಯಾಸ.

ಅವು ಬಂದದ್ದು ಎಲ್ಲಿಂದ ಅಂತ ಕೇಳಿದರೆ ನಿಮ್ಮ ತಂದೆಯವರ ಮನಸ್ಸಿಗೆ ನೋವಾದೀತು, ಆದರೂ ಹೇಳಲೇಬೇಕು. ನಮ್ಮ ಕಡೆ ಎರೆಮಣ್ಣಿನ ಧೂಳು. ಮುಟ್ಟಿದರೆ ಹಿಟ್ಟಿನಷ್ಟು ಮೆತ್ತಗೆ ಅನಿಸುತ್ತದೆ. ಆದರೆ ರಸ್ತೆಯ ಧೂಳಿನಲ್ಲಿ ಉಸುಕಿನ ಸಣ್ಣ ಹರಳುಗಳು ಬೆರೆತಿರುತ್ತವೆ, ಅವು ಗಾಜನ್ನೂ ಗೀರುವಷ್ಟು ಗಟ್ಟಿ. ಒಣ ಅರಿವೆಯಿಂದ ಒರೆಸಿದಾಗ ಆ ಹರಳು ಅರಿವೆಯ ಕೆಳಗೆ ಸಿಕ್ಕು ಬಾನೆಟ್ ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ಒಂದು ದಿನಕ್ಕೆ ಏನೂ ಕಾಣುವುದಿಲ್ಲ. ವರ್ಷಕ್ಕೆ ಮುನ್ನೂರು ಸಲ ಆದರೆ ನೀವು ನೋಡುತ್ತಿರುವ ಬಲೆ. ಅಪ್ಪಾಜಿಯವರಿಗೆ ಗಾಡಿಯ ಮೇಲೆ ಪ್ರೀತಿ ಇದೆ ಅನ್ನುವುದರಲ್ಲಿ ಎರಡು ಮಾತಿಲ್ಲ. ಬದಲಿಸಬೇಕಾದ್ದು ಅರಿವೆ ಮತ್ತು ನೀರು. ಇದನ್ನು ಸರಿ ಮಾಡದೆ ಮಷಿನ್ ತಂದರೆ ಈ ದೀಪಾವಳಿಗೆ ತೆಗೆದ ಗೀರು ಮುಂದಿನ ಯುಗಾದಿಯೊಳಗೆ ಮತ್ತೆ ಹಾಜರು, ಪ್ರತಿ ಸಲವೂ ಗಂಟು ಕರಗುತ್ತದೆ.

ನಲ್ಲಿ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ಊರಿನಲ್ಲಿ ದಿನಾ ಗಾಡಿ ತೊಳೆಯಿರಿ ಅಂತ ನಾನು ಹೇಳುವುದಿಲ್ಲ. ದಿನಾ ಒರೆಸುವುದನ್ನು ನಿಲ್ಲಿಸಿ, ಧೂಳು ಇದ್ದರೆ ಇರಲಿ. ವಾರಕ್ಕೊಮ್ಮೆ ತೊಳೆದರೆ ಸಾಕು. ನೀರು ಕಡಿಮೆ ಇದ್ದವರಿಗಾಗಿಯೇ ರಿನ್ಸ್‌ಲೆಸ್ ವಾಶ್ ಅನ್ನುವ ದ್ರವ ಸಿಗುತ್ತದೆ. ಒಂದು ಬಕೆಟ್ ನೀರಿಗೆ ಸ್ವಲ್ಪ ಹಾಕಿ, ಆರೆಂಟು ಮೈಕ್ರೋಫೈಬರ್ ಅರಿವೆ ಅದರಲ್ಲಿ ನೆನೆಸಿಡಿ. ಮೊದಲು ಅದೇ ದ್ರವವನ್ನು ಮೇಲೆ ಚೆನ್ನಾಗಿ ಚಿಮುಕಿಸಿ ಧೂಳು ನೆನೆಯಲು ಬಿಡಿ. ಆಮೇಲೆ ಒಂದು ಅರಿವೆಯ ಒಂದು ಮಗ್ಗುಲಿನಿಂದ ಒಂದೇ ಭಾಗವನ್ನು ಒರೆಸಿ, ಮಗ್ಗುಲು ಬದಲಿಸಿ. ಕೊಳೆಯಾದ ಅರಿವೆಯನ್ನು ತಿರುಗಿ ಬಕೆಟ್ಟಿಗೆ ಅದ್ದಬೇಡಿ, ಬದಿಗೆ ಒಗೆಯಿರಿ. ಇದನ್ನು ತಂದೆಯವರಿಗೇ ಒಪ್ಪಿಸಿಬಿಡಿ, ಅವರ ಮುಂಜಾನೆಯ ಕೆಲಸ ತಪ್ಪುವುದಿಲ್ಲ, ಗಾಡಿಯೂ ಉಳಿಯುತ್ತದೆ. ಕೆಸರು ಮೆತ್ತಿದಾಗ ಮಾತ್ರ ಇದು ನಡೆಯುವುದಿಲ್ಲ, ಆಗ ಪೈಪಿನ ನೀರೇ ಬೇಕು.

ಇನ್ನು ಗೆಳೆಯನ ಗ್ರೈಂಡರ್. ಬೇಡ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಅದು ಕಬ್ಬಿಣ ಕೊಯ್ಯಲು ಹುಟ್ಟಿದ್ದು. ಪೇಂಟಿಗೆಂದೇ ಮಾಡಿದ ರೋಟರಿ ಪಾಲಿಶರ್ ಸುಮಾರು 600ರಿಂದ 3,000ದೊಳಗೆ ತಿರುಗುತ್ತದೆ, ನಾವು ಅದನ್ನೂ ಹೆಚ್ಚಾಗಿ 1,500ರ ಆಚೀಚೆಯೇ ಓಡಿಸುತ್ತೇವೆ. ಸುತ್ತು ಹೆಚ್ಚಾದಷ್ಟೂ ಹೊಳಪು ಹೆಚ್ಚು ಅನ್ನುವ ನಂಬಿಕೆ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಸುತ್ತಿನ ಜೊತೆ ಮೊದಲು ಏರುವುದು ಬಿಸಿ.

ಸರಿಯಾದ ರೋಟರಿಯೇ ಕೊಂಡರೆ ಹೇಗೆ ಅಂತ ಮುಂದಿನ ಪ್ರಶ್ನೆ ಬರುತ್ತದೆ. ರೋಟರಿಯಲ್ಲಿ ಪ್ಯಾಡ್ ಒಂದೇ ಅಕ್ಷದ ಮೇಲೆ ಗಿರಗಿರ ತಿರುಗುತ್ತದೆ. ನೀವು ಒತ್ತಿದರೂ ನಿಲ್ಲುವುದಿಲ್ಲ, ಒಂದೇ ಕಡೆ ಎರಡು ಕ್ಷಣ ತಡೆದರೂ ಅಲ್ಲಿ ಬಿಸಿ ಕೂಡುತ್ತದೆ. ನಾನು ಕೆಲಸ ಕಲಿತದ್ದು ರೋಟರಿಯ ಮೇಲೆಯೇ. ಶುರುವಿನ ದಿನಗಳಲ್ಲಿ ಒಂದು ಗಾಢ ನೀಲಿ ಕಾರಿನ ಬಾನೆಟ್ ಮಾಡುತ್ತಿದ್ದೆ. ಬಾನೆಟ್ಟಿನ ಮೇಲೆ ಉದ್ದಕ್ಕೆ ಒಂದು ಮಡಿಕೆ ಗೆರೆ ಇರುತ್ತದಲ್ಲ, ಅದರ ಮೇಲೆ ಪ್ಯಾಡಿನ ಅಂಚು ಹಾಯ್ದುಹೋಯಿತು. ಸುಟ್ಟ ವಾಸನೆ ಬಂದ ಹಾಗೆ ಅನಿಸಿ ಮಷಿನ್ ಎತ್ತಿದೆ. ಕಂಪೌಂಡ್ (ಗೀರು ಸವೆಸಲು ಪ್ಯಾಡಿಗೆ ಹಚ್ಚುವ ಪಾಲಿಶ್) ಒರೆಸಿ ನೋಡಿದರೆ ಗೆರೆಯ ನೆತ್ತಿಯ ಮೇಲೆ ಮೂರು ಇಂಚು ಉದ್ದ, ಸೂಜಿದಾರದಷ್ಟು ಸಣ್ಣಗೆ, ಬೂದು ಬಣ್ಣದ ಎಳೆ. ಅದು ಪ್ರೈಮರ್. ಆ ಬಾನೆಟ್ಟಿಗೆ ನನ್ನ ಖರ್ಚಿನಲ್ಲಿ ಪೇಂಟ್ ಹೊಡೆಸಿಕೊಟ್ಟೆ. ಅಂಚು, ಮಡಿಕೆ, ಮೂಲೆ, ಇಲ್ಲೆಲ್ಲ ಪೇಂಟ್ ತೆಳುವಾಗಿ ಕೂತಿರುತ್ತದೆ, ಪ್ಯಾಡಿನ ಒತ್ತಡವೆಲ್ಲ ಆ ಒಂದೇ ಗೆರೆಯ ಮೇಲೆ ಬೀಳುತ್ತದೆ. ಅಂದಿನಿಂದ ಮಡಿಕೆಗಳ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸದೆ ನಾನು ಮಷಿನ್ ಚಾಲೂ ಮಾಡುವುದಿಲ್ಲ. ರೋಟರಿಗೆ ಇನ್ನೊಂದು ದೋಷವಿದೆ. ಕೈ ಪಳಗದವರು ಹೊಡೆದರೆ ಪ್ಯಾಡ್ ಓಡಿದ ದಾರಿಯಲ್ಲೇ ನೆರಳು-ಬೆಳಕಿನ ಪಟ್ಟೆ ಉಳಿಯುತ್ತದೆ, ನಾವು ಹೊಲೊಗ್ರಾಮ್ ಅನ್ನುತ್ತೇವೆ. ಕಪ್ಪು ಗಾಡಿಯಲ್ಲಿ ಅದು ಗೀರಿಗಿಂತ ಕೆಟ್ಟದಾಗಿ ಕಾಣುತ್ತದೆ.

ನಿಮಗೆ ಬೇಕಾದ್ದು ಡಿಎ, ಡ್ಯುಯಲ್ ಆ್ಯಕ್ಷನ್. ಬುಗುರಿ ತನ್ನಷ್ಟಕ್ಕೆ ತಿರುಗುತ್ತಲೇ ನೆಲದ ಮೇಲೆ ಸುತ್ತು ಹಾಕುತ್ತದಲ್ಲ, ಇದರ ಪ್ಯಾಡೂ ಹಾಗೆಯೇ ಎರಡು ಚಲನೆ ಮಾಡುತ್ತದೆ. ಆ ಹೊರಸುತ್ತು ಎಷ್ಟು ಅಗಲ ಅನ್ನುವುದೇ 8, 15, 21 ಎಂಎಂ ಲೆಕ್ಕ. ಪ್ಯಾಡಿನ ಸ್ವಂತ ತಿರುಗಾಟಕ್ಕೆ ಗೇರಿನ ಹಿಡಿತ ಇಲ್ಲ. ನೀವು ಜಾಸ್ತಿ ಒತ್ತಿದರೆ ಅಥವಾ ಪ್ಯಾಡ್ ಓರೆಯಾದರೆ ತಿರುಗುವುದು ತಾನಾಗಿ ನಿಂತುಬಿಡುತ್ತದೆ, ಬರೀ ನಡುಗುತ್ತದೆ. ಕಲಿಯುವವರು ‘ಇದಕ್ಕೆ ದಮ್ಮಿಲ್ಲ’ ಅಂತ ಬೈಯುವುದು ಇದೇ ಗುಣಕ್ಕೆ. ನಿಮ್ಮ ಪೇಂಟನ್ನು ಉಳಿಸುವುದೂ ಇದೇ ಗುಣ. ಡಿಎಯಿಂದ ಪೇಂಟ್ ಸುಡುವುದೇ ಇಲ್ಲ ಅಂತಲ್ಲ, ಅಂಚಿನ ಮೇಲೆ ಹಟಕ್ಕೆ ಬಿದ್ದು ನಿಂತರೆ ಅದೂ ಸುಡುತ್ತದೆ. ಆದರೆ ತಪ್ಪು ತಿದ್ದಿಕೊಳ್ಳಲು ಸಮಯ ಕೊಡುತ್ತದೆ, ರೋಟರಿ ಕೊಡುವುದಿಲ್ಲ.

ಅಳತೆಯ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. 15 ಎಂಎಂ, ಐದು ಇಂಚಿನ ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿ ಕೂರುವ ತಟ್ಟೆ), ಐದೂವರೆ ಇಂಚಿನ ಪ್ಯಾಡ್. 21 ಎಂಎಂ ದೊಡ್ಡ ಎಸ್‌ಯುವಿಗಳ ಅಗಲ ಬಾಗಿಲಿಗೆ ಚೆನ್ನ, ಸಣ್ಣ ಕಾರಿನ ಉಬ್ಬುತಗ್ಗಿನಲ್ಲಿ ಮತ್ತೆ ಮತ್ತೆ ನಿಲ್ಲುತ್ತದೆ. ಗೇರಿನಿಂದ ತಿರುಗಿಸುವ ಡಿಎಗಳೂ ಇವೆ, ನಿಲ್ಲುವುದಿಲ್ಲ, ಆದರೆ ಕಲಿಯುವ ಕೈಗೆ ಅದು ಬೇಡ. ಕೊಳ್ಳುವಾಗ ವಾಟ್ ಎಷ್ಟು ಅಂತ ಮಾತ್ರ ನೋಡಬೇಡಿ. ಸ್ವಿಚ್ ಒತ್ತಿದರೆ ಮೆಲ್ಲಗೆ ವೇಗ ಏರುತ್ತದೆಯೇ, ಒಂದರಿಂದ ಆರರವರೆಗೆ ವೇಗದ ಡಯಲ್ ಇದೆಯೇ, ಕೈಯಲ್ಲಿ ಹತ್ತು ನಿಮಿಷ ಹಿಡಿದರೆ ಮಣಿಕಟ್ಟು ಜುಮ್ಮೆನ್ನುತ್ತದೆಯೇ, ಕಾರ್ಬನ್ ಬ್ರಶ್ ಮತ್ತು ಬ್ಯಾಕಿಂಗ್ ಪ್ಲೇಟ್ ಬಿಡಿಯಾಗಿ ಸಿಗುತ್ತವೆಯೇ, ಇವನ್ನು ಕೇಳಿ. ಗದಗಿನಿಂದ ಹುಬ್ಬಳ್ಳಿ ಬಹಳ ದೂರವಲ್ಲ, ಒಂದು ಮುಂಜಾನೆ ಬಂದು ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ. ರೂಪೆಸ್, ಫ್ಲೆಕ್ಸ್‌ನಂಥ ಹೊರದೇಶದ ಮಷಿನ್‌ಗಳು ಉತ್ತಮವೇ, ನಡುಕ ಕಡಿಮೆ. ಆದರೆ ನಿಮ್ಮ ಇಡೀ ಬಜೆಟ್ಟಿಗಿಂತ ಅವುಗಳ ಬೆಲೆ ದೊಡ್ಡದು, ಅಪರೂಪಕ್ಕೆ ಮಾಡುವ ಕೆಲಸಕ್ಕೆ ಅಷ್ಟು ಸುರಿಯುವುದು ಬೇಡ.

15,000ದಲ್ಲಿ ಮಷಿನ್‌ಗೆ ಅರ್ಧ, ಏಳರಿಂದ ಎಂಟು ಸಾವಿರ. ಉಳಿದದ್ದನ್ನು ಮುಟ್ಟದೆ ಪ್ಯಾಡ್, ಕಂಪೌಂಡ್, ಅರಿವೆಗೆ ಇಟ್ಟುಕೊಳ್ಳಿ. ಹೊಸಬರು ಎಡವುವುದು ಇಲ್ಲಿಯೇ. ಮಷಿನ್‌ಗೆ ಹದಿಮೂರು ಸಾವಿರ ಹಾಕಿ, ಒಂದೇ ಪ್ಯಾಡಿನಲ್ಲಿ ಇಡೀ ಗಾಡಿ ಮುಗಿಸಲು ಹೋಗುತ್ತಾರೆ. ಅರ್ಧ ಗಾಡಿಗೆ ಪ್ಯಾಡ್ ಕಂಪೌಂಡ್ ಕುಡಿದು, ಬಿಸಿಯಾಗಿ, ಸವೆದ ಕ್ಲಿಯರ್ ಕೋಟಿನ ಬಿಳಿ ಹುಡಿ ತುಂಬಿಕೊಂಡು ತಾನೇ ಗೀರು ಹಾಕಲು ಶುರು ಮಾಡುತ್ತದೆ. ಕನಿಷ್ಠ ಆರು ಫೋಮ್ ಪ್ಯಾಡ್ ಇರಲಿ: ಮೂರು ಮಧ್ಯಮ ಪಾಲಿಶಿಂಗ್, ಎರಡು ಮೆತ್ತನೆಯ ಫಿನಿಶಿಂಗ್, ಒಂದೇ ಒಂದು ಗಟ್ಟಿ ಕಟಿಂಗ್. ಬಣ್ಣ ನೋಡಿ ಕೊಳ್ಳಬೇಡಿ, ಒಂದು ಕಂಪನಿಯ ಕಿತ್ತಳೆ ಇನ್ನೊಂದು ಕಂಪನಿಯ ಹಳದಿಯಷ್ಟು ಗಟ್ಟಿ ಇರಬಹುದು, ಮೇಲೆ ಬರೆದದ್ದನ್ನು ಓದಿ. ಉಣ್ಣೆಯ ಪ್ಯಾಡ್ ಸದ್ಯಕ್ಕೆ ಬೇಡ.

ಕಂಪೌಂಡಿನಲ್ಲಿ ಎರಡು ಬಾಟಲಿ ಸಾಕು, ಒಂದು ಮಧ್ಯಮ, ಒಂದು ನಯ. 3ಎಂ, ಮೆಗ್ವಯರ್ಸ್, ಮೆನ್ಜರ್ನಾ ಯಾವುದಾದರೂ ಆದೀತು, ಒಂದೇ ಕಂಪನಿಯ ಜೋಡಿ ತೆಗೆದುಕೊಳ್ಳಿ. ಬಿಡಿಯಾಗಿ ಡಬ್ಬದಲ್ಲಿ ಅಳೆದು ಕೊಡುವ ರಬ್ಬಿಂಗ್ ಕಂಪೌಂಡ್ ಮುಟ್ಟಬೇಡಿ, ಅದರ ಕಣ ಒರಟು. ಇನ್ನೊಂದು ಎಚ್ಚರ: ಕೆಲವು ಪಾಲಿಶ್‌ಗಳಲ್ಲಿ ಎಣ್ಣೆಯಂಶ ಜಾಸ್ತಿ. ಅದು ಗೀರಿನೊಳಗೆ ತುಂಬಿಕೊಂಡು ಆ ಹೊತ್ತಿಗೆ ಮುಚ್ಚುತ್ತದೆ, ನಾಲ್ಕು ತೊಳೆತಕ್ಕೆ ಗೀರು ಮತ್ತೆ ಬಾಯಿ ಬಿಡುತ್ತದೆ. ಡ್ರೈವರುಗಳು ಡೀಸೆಲ್ ಹಚ್ಚಿ ಒರೆಸಿ ಹೊಳಪು ತರುವುದೂ ಇದೇ ಆಟ, ಮೇಲಿಂದ ಆ ಜಿಡ್ಡಿಗೆ ಧೂಳು ಮೆತ್ತುತ್ತದೆ. ನಿಜವಾಗಿ ಗೀರು ಹೋಗಿದೆಯೇ ಅಂತ ನೋಡಲು ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಪಾಲಿಗೆ ಏಳೆಂಟು ಪಾಲು ಶುದ್ಧ ನೀರು ಬೆರೆಸಿ ಸಿಂಪಡಿಸಿ ಒರೆಸಿ. ಎಣ್ಣೆ ಹೋಗಿ ಪೇಂಟಿನ ನಿಜರೂಪ ಕಾಣುತ್ತದೆ.

ಮೈಕ್ರೋಫೈಬರ್ ಅರಿವೆ ಹನ್ನೆರಡಾದರೂ ಬೇಕು, 350 ಜಿಎಸ್‌ಎಂ ಮೇಲಿನವು. ಮನೆಯ ಬಟ್ಟೆಯ ಜೊತೆ ಒಗೆಯಬೇಡಿ, ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ನೆಲಕ್ಕೆ ಬಿದ್ದದ್ದನ್ನು ಗಾಡಿಗೆ ಮುಟ್ಟಿಸಬೇಡಿ. ಮಾಸ್ಕಿಂಗ್ ಟೇಪ್, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಚಿಲ್ಲರೆಯಲ್ಲಿ ಬರುತ್ತವೆ.

ಇವೆಲ್ಲ ಬಂದ ಮೇಲೂ ಮಷಿನ್ ಕೊನೆಗೇ. ತೊಳೆದ ಗಾಡಿಯ ಮೇಲೆ, ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬೆರಳು ಆಡಿಸಿ. ಗರಗರ ಅಂದರೆ ಪೇಂಟಿನಲ್ಲಿ ಏನೋ ಕಚ್ಚಿಕೊಂಡಿದೆ. ಬ್ರೇಕಿನ ಹುಡಿ, ರೈಲು ಹಳಿಯ ಪಕ್ಕ ನಿಲ್ಲಿಸುವ ಗಾಡಿಗಳ ಮೇಲೆ ಕೂರುವ ಕಬ್ಬಿಣದ ಕಣ, ಇವಕ್ಕೆ ಐರನ್ ರಿಮೂವರ್ ಹೊಡೆದರೆ ಕರಗಿ ನೇರಳೆ ಬಣ್ಣದಲ್ಲಿ ಇಳಿಯುತ್ತವೆ. ಉಳಿದದ್ದಕ್ಕೆ ಕ್ಲೇ ಬಾರ್ (ಕಚ್ಚಿಕೊಂಡ ಕೊಳೆ ಎಳೆದು ತೆಗೆಯುವ ಜೇಡಿಮಣ್ಣಿನಂಥ ಮುದ್ದೆ), ನೀರು ಹಚ್ಚಿ, ಕೈ ಹಗುರಾಗಿ. ಬೋರ್‌ವೆಲ್ ನೀರು ಬಿಸಿಲಲ್ಲಿ ಆರಿ ಬಿದ್ದ ಬಿಳಿ ಚುಕ್ಕೆಗಳು ಸುಣ್ಣದಂಶದವು. ಅಷ್ಟೇ ನೀರು ಬೆರೆಸಿದ ಬಿಳಿ ವಿನೆಗರ್ ಹಚ್ಚಿ, ಒಂದು ನಿಮಿಷ ಬಿಟ್ಟು ತೊಳೆದರೆ ಹೊಸವು ಹೋಗುತ್ತವೆ, ಪೇಂಟನ್ನು ತಿಂದುಬಿಟ್ಟಿರುವ ಹಳೆಯವಕ್ಕೆ ಪಾಲಿಶ್ ಬೇಕು.

ಉಗುರಿನಿಂದ ಗೀರನ್ನು ಅಡ್ಡ ಸವರಿ. ಉಗುರು ಸಿಕ್ಕಿಕೊಂಡರೆ ಅದು ಆಳದ್ದು, ಪಾಲಿಶಿನಿಂದ ಹೋಗುವುದಿಲ್ಲ, ಅದರ ಬೆನ್ನು ಹತ್ತಬೇಡಿ.

ಕೆಲಸ ನೆರಳಿನಲ್ಲಿ, ತಗಡು ತಣ್ಣಗಿದ್ದಾಗ. ನಮ್ಮ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಕಂಪೌಂಡ್ ಹಚ್ಚಿದಲ್ಲೇ ಒಣಗಿ ಹೋಗುತ್ತದೆ. ಬ್ಯಾಕಿಂಗ್ ಪ್ಲೇಟಿನ ಬದಿಗೆ ಮಾರ್ಕರ್‌ನಿಂದ ಒಂದು ಅಡ್ಡಗೆರೆ ಎಳೆಯಿರಿ, ಅದು ತಿರುಗುತ್ತಿರುವುದು ಕಂಡರೆ ಪ್ಯಾಡ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಬಾನೆಟ್ಟಿನ ಒಂದು ಮೂಲೆಯಲ್ಲಿ ಒಂದೂವರೆ ಅಡಿ ಚೌಕಕ್ಕೆ ಟೇಪ್ ಕಟ್ಟಿ. ಮೊದಲು ಅತಿ ಮೆತ್ತನೆಯ ಜೋಡಿ: ನಯ ಪಾಲಿಶ್, ಫಿನಿಶಿಂಗ್ ಪ್ಯಾಡ್. ಬಟಾಣಿ ಗಾತ್ರದ ನಾಲ್ಕು ಹನಿ, ವೇಗ ಒಂದರಲ್ಲಿ ಹರಡಿ, ನಾಲ್ಕು-ಐದಕ್ಕೆ ಏರಿಸಿ. ಮಷಿನ್‌ನ ತೂಕಕ್ಕಿಂತ ಸ್ವಲ್ಪವೇ ಹೆಚ್ಚು ಒತ್ತಡ. ಸೆಕೆಂಡಿಗೆ ಒಂದು ಇಂಚು ಸರಿಸುವಷ್ಟು ನಿಧಾನ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ, ಪ್ರತಿ ಸಲ ಅರ್ಧ ಪ್ಯಾಡಿನಷ್ಟು ಹಿಂದಿನ ಸಾಲಿನ ಮೇಲೆ ಬರಬೇಕು, ಹೊಲದಲ್ಲಿ ಕುಂಟೆ ಹೊಡೆದ ಹಾಗೆ. ನಾಲ್ಕರಿಂದ ಆರು ಸಲ ಆದ ಮೇಲೆ ಒರೆಸಿ, ಆಲ್ಕೊಹಾಲ್ ನೀರು ಹೊಡೆದು, ಟಾರ್ಚ್ ಹಿಡಿದು ನೋಡಿ. ಸಾಕೆನಿಸಿದರೆ ಇಡೀ ಗಾಡಿಗೆ ಅದೇ ಜೋಡಿ. ಸಾಲದಿದ್ದರೆ ಮಧ್ಯಮ ಪ್ಯಾಡ್, ಆಮೇಲೆ ಮಧ್ಯಮ ಕಂಪೌಂಡ್. ಗಟ್ಟಿ ಕಟಿಂಗ್ ಪ್ಯಾಡಿನವರೆಗೆ ಹೋಗುವ ಪ್ರಸಂಗ ಬರದಿದ್ದರೆ ಒಳ್ಳೆಯದು.

ಮರುಪೇಂಟ್ ಆದ ಆ ಹಿಂಬಾಗಿಲನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಪೇಂಟ್ ದಪ್ಪ ಇದ್ದರೂ ಮೆದುವಾಗಿರಬಹುದು, ಕ್ಲಿಯರ್ ಕೋಟೇ ಇಲ್ಲದೆ ಇರಲೂಬಹುದು. ಪ್ಯಾಡಿನ ಮೇಲೆ ಕಪ್ಪು ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಬಂಪರ್‌ಗಳೂ ಅಷ್ಟೇ, ಪ್ಲಾಸ್ಟಿಕ್ ಬಿಸಿಯನ್ನು ಹರಡಿ ಬಿಡುವುದಿಲ್ಲ, ಅಲ್ಲಿ ವೇಗ ಇಳಿಸಿ.

ಕೊನೆಗೆ ಪೇಂಟಿನ ಕಾವಲಿಗೆ ಮೇಲೆ ಹಚ್ಚುವ ಒಂದು ಸೀಲೆಂಟ್ ಅಥವಾ ವ್ಯಾಕ್ಸ್, ಎರಡು-ಮೂರು ತಿಂಗಳಿಗೊಮ್ಮೆ. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಗೀರೇ ಬೀಳುವುದಿಲ್ಲ ಅನ್ನುವ ಮಾತು ನಂಬಬೇಡಿ. ನೀರು, ಕೊಳೆ ನಿಲ್ಲದಂತೆ ಮಾಡುತ್ತದೆ, ಒಣ ಅರಿವೆಯ ಉಸುಕನ್ನು ತಡೆಯುವುದಿಲ್ಲ. ಹಬ್ಬದಲ್ಲಿ ಗಾಡಿ ಪೂಜೆ ಮಾಡಿದಾಗ ಕುಂಕುಮ, ನಿಂಬೆ ರಸ ಬಾನೆಟ್ ಮೇಲೆ ಬಿಸಿಲಲ್ಲಿ ಇಡೀ ದಿನ ಉಳಿಯದಂತೆ ಸಂಜೆಯೊಳಗೆ ನೀರು ಹಾಕಿ ತೊಳೆಯಿರಿ. ಪ್ರತಿ ದೀಪಾವಳಿ ಆದ ವಾರ ನಮ್ಮಲ್ಲಿಗೆ ಆ ಕಲೆಗಳ ಗಾಡಿಗಳು ಬರುತ್ತವೆ.

ಇಷ್ಟೆಲ್ಲ ಬೇಡ ಅನಿಸಿದರೆ ಬೇರೆ ದಾರಿಯೂ ಇದೆ. ಕೈಯಿಂದಲೇ ನಯ ಪಾಲಿಶ್ ಹಚ್ಚಬಹುದು. ಅಪಾಯ ಬಹಳ ಕಡಿಮೆ, ಬಲೆ ಸ್ವಲ್ಪ ಮಸುಕಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕೆಲಸ ಬಲ್ಲವರ ಹತ್ತಿರ ಒಮ್ಮೆ ಮಾಡಿಸಿ, ಮುಂದೆ ತೊಳೆಯುವುದನ್ನಷ್ಟೇ ಸರಿಯಾಗಿ ಮಾಡಬಹುದು. ಆಗ ಕೇಳಬೇಕಾದ್ದು ಎರಡೇ: ಪೇಂಟಿನ ದಪ್ಪ ಅಳೆಯುತ್ತೀರಾ, ಮೊದಲು ಒಂದು ಚೌಕ ಮಾಡಿ ತೋರಿಸುತ್ತೀರಾ. ಗಂಟೆಯೊಳಗೆ ಗಾಡಿ ಮುಗಿಸಿ ಕೊಡುತ್ತೇವೆ ಅಂದರೆ ಅಲ್ಲಿ ಬಿಡಬೇಡಿ, ಕಪ್ಪು ಗಾಡಿಗೆ ನಾನೇ ಎರಡು ದಿನ ಕೇಳುತ್ತೇನೆ.

ರವಿವಾರದ ದುಡಿಮೆಯ ಮಾತು. ಕೈ ಕೂರುವ ತನಕ ಯಾರ ಗಾಡಿಯನ್ನೂ ಒಪ್ಪಿಕೊಳ್ಳಬೇಡಿ. ಗುಜರಿಯಲ್ಲಿ ಹಳೆಯದೊಂದು ಬಾನೆಟ್ ಕೊಳ್ಳಿ, ಕಪ್ಪು ಅಥವಾ ಗಾಢ ಬಣ್ಣದ್ದು. ಅದನ್ನು ಎರಡು ಸ್ಟೂಲಿನ ಮೇಲಿಟ್ಟು ಒಂದು ರವಿವಾರ ಅದರ ಮೇಲೆ ಗೀರು ತೆಗೆಯಿರಿ. ಇನ್ನೊಂದು ರವಿವಾರ ಬೇಕೆಂದೇ ಅಂಚಿನ ಮೇಲೆ ಪ್ಯಾಡ್ ಒತ್ತಿ ಹಿಡಿದು ಎಷ್ಟು ಹೊತ್ತಿಗೆ ಬೂದು ಎಳೆ ಏಳುತ್ತದೆ ಅಂತ ಕಣ್ಣಾರೆ ನೋಡಿ. ಆಮೇಲೆ ನಿಮ್ಮ ಗಾಡಿ, ಆಮೇಲೆ ಮನೆಯವರ, ಗೆಳೆಯರ ನಾಲ್ಕು ಗಾಡಿ, ಹಣ ತೆಗೆದುಕೊಳ್ಳದೆ. ಮೊದಲ ಗಿರಾಕಿಯಿಂದ ಹಣ ಪಡೆಯುವ ಮುಂಚೆ ಪೇಂಟಿನ ದಪ್ಪ ಅಳೆಯುವ ಪೇಂಟ್ ಥಿಕ್‌ನೆಸ್ ಗೇಜ್ ಒಂದನ್ನು ಕೊಳ್ಳಿ, ಪ್ರತಿ ಬಾಗಿಲು, ಬಾನೆಟ್, ಡಿಕ್ಕಿಯ ಅಳತೆಯನ್ನು ಅವರ ಎದುರಿಗೇ ಹಾಳೆಯ ಮೇಲೆ ಬರೆದು ಸಹಿ ಹಾಕಿಸಿ. ಎಲ್ಲಾದರೂ 80 ಮೈಕ್ರಾನ್‌ಗಿಂತ ಕಡಿಮೆ ತೋರಿಸಿದರೆ ಆ ಭಾಗಕ್ಕೆ ವ್ಯಾಕ್ಸ್ ಮಾತ್ರ ಹಚ್ಚಿ ಕೊಡಿ.